ಎರಡು ದೋಣಿಯಲ್ಲಿ ಕಾಲಿಟ್ಟ ಅಣು

ಹಿಂದಿನ ಸಂಚಿಕೆಯಲ್ಲಿ ಅಂಟುಗಳ ಬಗ್ಗೆ ಬರೆಯುವಾಗ ರಾಳ, ಅಂಟು ಮಾಡಲು ಬಳಸುವ ಗ್ಲೈಸಿಡಿಲ್ ಮೆಥಾಕ್ರಿಲೇಟ್ ಅನ್ನುವ ದ್ರವದ ಹೆಸರನ್ನು ಒಂದೇ ಸಾಲಿನಲ್ಲಿ ಎತ್ತಿ ಮುಂದಕ್ಕೆ ಹೋಗಿದ್ದೆ. ಅಷ್ಟಕ್ಕೇ ಇಷ್ಟೊಂದು ಪತ್ರ ಬರುತ್ತವೆ ಅಂದುಕೊಂಡಿರಲಿಲ್ಲ. ರಾಳದ ಪ್ರಯೋಗಾಲಯದಲ್ಲಿ 27 ವರ್ಷ ಇದರ ಜೊತೆ ಏಗಿದವಳು ನಾನು. ಕೇಳಿದ್ದು ಒಳ್ಳೆಯದೇ ಆಯಿತು. ಕೆಲಸದವರ ಬಾಯಲ್ಲಿ ಇದು ಬರೀ ‘ಜಿಎಂಎ’, ಇಲ್ಲಿಯೂ ಹಾಗೇ ಕರೆಯುತ್ತೇನೆ.

ಪ್ರಶ್ನೆ: ಮೇಡಂ, ರಾಳ ತಯಾರಿಸುವ ಕಾರ್ಖಾನೆಯ ಸ್ಟೋರಿಗೆ ಸೇರಿ ಮೂರು ತಿಂಗಳಾಯಿತು. ಜಿಎಂಎ ಡ್ರಮ್ಮುಗಳನ್ನು ಒಬ್ಬ ಸೂಪರ್‌ವೈಸರ್ ಎಪಾಕ್ಸಿ ಸಾಲಿನಲ್ಲಿಡಿ ಅನ್ನುತ್ತಾರೆ. ಶಿಫ್ಟ್ ಬದಲಾದರೆ ಇನ್ನೊಬ್ಬರು ಬಂದು ಅಕ್ರಿಲಿಕ್ ಸಾಲಿಗೆ ತಳ್ಳಿಸುತ್ತಾರೆ. ನಿಜಕ್ಕೂ ಇದು ಯಾವ ಜಾತಿ?

ಇಬ್ಬರು ಹೇಳುವುದೂ ಸರಿ. ತೊಂದರೆ ಇರುವುದೇ ಅಲ್ಲಿ.

ಜಿಎಂಎ ಅಣುವಿನಲ್ಲಿ 7 ಇಂಗಾಲ, 10 ಜಲಜನಕ, 3 ಆಮ್ಲಜನಕ ಪರಮಾಣುಗಳಿವೆ. ದೊಡ್ಡ ಅಣುವೇನಲ್ಲ. ಆದರೆ ಅದರ ಒಂದು ತುದಿಯಲ್ಲಿ ಎರಡು ಇಂಗಾಲ, ಒಂದು ಆಮ್ಲಜನಕ ಸೇರಿ ಮಾಡಿಕೊಂಡ ಮುಕ್ಕೋನದ ಉಂಗುರವಿದೆ. ಎಪಾಕ್ಸಿ ಅಂದರೆ ಈ ಉಂಗುರವೇ. ಇಂಗಾಲಕ್ಕೆ ತನ್ನ ಬಂಧಗಳ ನಡುವೆ 109 ಡಿಗ್ರಿಯಷ್ಟು ಜಾಗ ಸಿಕ್ಕರೆ ನೆಮ್ಮದಿ. ಈ ಉಂಗುರದೊಳಗೆ ಅದಕ್ಕೆ ಸಿಗುವುದು 60ರ ಆಸುಪಾಸು. ಬಲವಂತವಾಗಿ ಬಗ್ಗಿಸಿ ಕಟ್ಟಿದ ಬಿದಿರಿನ ಹಾಗೆ ಅದು ಸದಾ ಬಿಚ್ಚಿಕೊಳ್ಳಲು ಕಾಯುತ್ತಿರುತ್ತದೆ. ಸಾರಜನಕದ ಅಮೀನ್ ಬಂದರೂ ಸರಿ, ಆಮ್ಲ ಬಂದರೂ ಸರಿ, ಗಂಧಕದ ಥಯಾಲ್ ಬಂದರೂ ಸರಿ, ಉಂಗುರ ಬಿಚ್ಚಿ ಅದನ್ನು ಅಪ್ಪಿಕೊಳ್ಳುತ್ತದೆ.

ಇನ್ನೊಂದು ತುದಿಯಲ್ಲಿ ಇರುವುದು ಎರಡು ಇಂಗಾಲಗಳ ನಡುವಿನ ದ್ವಿಬಂಧ. ಅದು ಮೆಥಾಕ್ರಿಲೇಟ್ ಕಡೆಯ ಕಾಲು. ಅಮೀನಿಗೂ ಆಮ್ಲಕ್ಕೂ ಅದು ಬಹುಮಟ್ಟಿಗೆ ಸೊಪ್ಪು ಹಾಕುವುದಿಲ್ಲ. ಅದಕ್ಕೆ ಬೇಕಾದದ್ದು ರ‍್ಯಾಡಿಕಲ್, ಅಂದರೆ ಜೊತೆಯಿಲ್ಲದ ಒಂಟಿ ಎಲೆಕ್ಟ್ರಾನ್ ಇಟ್ಟುಕೊಂಡು ತಡಕಾಡುವ ತುಣುಕು. ಪೆರಾಕ್ಸೈಡ್ ಒಡೆದಾಗ ಅಂಥವು ಹುಟ್ಟುತ್ತವೆ. ಒಂದು ರ‍್ಯಾಡಿಕಲ್ ತಾಗಿದರೆ ಸಾಕು, ಒಂದಕ್ಕೊಂದು ಕೊಂಡಿ ಹಾಕಿಕೊಂಡು ಸಾವಿರಾರು ಅಣುಗಳ ಸರಪಳಿ, ಅಂದರೆ ಪಾಲಿಮರ್, ಆಗುತ್ತದೆ.

ಎರಡು ದೋಣಿಯಲ್ಲಿ ಕಾಲಿಟ್ಟವನು ನೀರಿಗೆ ಬೀಳುತ್ತಾನೆ ಅನ್ನುತ್ತೇವೆ. ಈ ಅಣು ಹಾಗೆ ನಿಂತೂ ಬೀಳುವುದಿಲ್ಲ. ಒಂದು ಕಾಲನ್ನು ಕೆಲಸಕ್ಕೆ ಹಚ್ಚಿ, ಇನ್ನೊಂದನ್ನು ಬೇಕಾದ ಹೊತ್ತಿನವರೆಗೆ ಹಾಗೇ ತಡೆದು ನಿಲ್ಲಿಸಬಹುದು. ಇದನ್ನು ಕೊಳ್ಳುವವರೆಲ್ಲ ಕೊಳ್ಳುವುದು ಈ ಒಂದು ಗುಣಕ್ಕಾಗಿ.

ಉದಾಹರಣೆಗೆ ಪೌಡರ್ ಕೋಟಿಂಗ್ ನೋಡಿ. ಮೊದಲು ಜಿಎಂಎಯನ್ನು ಸ್ಟೈರೀನ್, ಮೀಥೈಲ್ ಮೆಥಾಕ್ರಿಲೇಟ್ ಜೊತೆ ಸೇರಿಸಿ ದ್ವಿಬಂಧಗಳನ್ನಷ್ಟೇ ಸರಪಳಿ ಮಾಡುತ್ತಾರೆ. ಎಪಾಕ್ಸಿ ಉಂಗುರಗಳು ಸರಪಳಿಯ ಉದ್ದಕ್ಕೂ ಮುಚ್ಚಿದ ಮೊಗ್ಗಿನ ಹಾಗೆ ನೇತಾಡುತ್ತಿರುತ್ತವೆ. ಆ ರಾಳಕ್ಕೆ ಎರಡೂ ತುದಿಯಲ್ಲಿ ಆಮ್ಲದ ಗುಂಪಿರುವ ಡೋಡೆಕೇನ್‌ಡೈಯೋಯಿಕ್ ಆಮ್ಲ ಬೆರೆಸಿ, ಕರಗಿಸಿ, ತಣಿಸಿ, ನುಣ್ಣಗೆ ಪುಡಿ ಮಾಡಿದರೆ ಚೀಲದಲ್ಲಿ ತಿಂಗಳುಗಟ್ಟಲೆ ಇಡಬಹುದು. ಲೋಹದ ಮೇಲೆ ಸಿಂಪಡಿಸಿ ಓವನ್ನಿನಲ್ಲಿ 140–150 ಡಿಗ್ರಿಗೆ ಬೇಯಿಸಿದಾಗಲೇ ಆಮ್ಲವು ಉಂಗುರಗಳನ್ನು ಬಿಚ್ಚಿ ಸರಪಳಿಗಳನ್ನು ಒಂದಕ್ಕೊಂದು ಹೊಲಿಯುತ್ತದೆ. ಈ ಹೊಲಿಗೆಯಲ್ಲಿ ನೀರಾಗಲಿ ಆವಿಯಾಗಲಿ ಹೊರಬೀಳುವುದಿಲ್ಲ, ಹಾಗಾಗಿ ಪದರದಲ್ಲಿ ಗುಳ್ಳೆ ಏಳುವುದಿಲ್ಲ. ಗಾಜಿನಂಥ ನಯಕ್ಕೆ ಕಾರಣ ಇದೇ.

ಈಗ ನಿಮ್ಮ ಡ್ರಮ್ಮಿಗೆ ಬರೋಣ. ಎಪಾಕ್ಸಿ ಸಾಲಿನಲ್ಲಿಟ್ಟರೆ ಪಕ್ಕದಲ್ಲಿ ಹಾರ್ಡನರ್, ಅಂದರೆ ಅಮೀನ್, ಇರುತ್ತದೆ. ಅಕ್ರಿಲಿಕ್ ಸಾಲಿನಲ್ಲಿಟ್ಟರೆ ಪೆರಾಕ್ಸೈಡ್ ಇದ್ದರೂ ಇರಬಹುದು, ಮೆಥಾಕ್ರಿಲಿಕ್ ಆಮ್ಲ ಇದ್ದರೂ ಇರಬಹುದು. ಎರಡೂ ಕಡೆ ಒಂದೊಂದು ಶತ್ರು. ಸಾಲು ಯಾವುದಾದರೂ ಇರಲಿ, ಅಮೀನ್, ಆಮ್ಲ, ಕ್ಷಾರ, ಪೆರಾಕ್ಸೈಡ್ ಈ ನಾಲ್ಕೂ ಹತ್ತಿರವಿಲ್ಲದ, ಬಿಸಿಲು ತಾಗದ, ತಂಪಾದ ಮೂಲೆ ನೋಡಿ. ಒಂದು ಸೋರಿದರೆ ಇನ್ನೊಂದಕ್ಕೆ ಹರಿದು ಹೋಗದ ಹಾಗೆ ಕೆಳಗೆ ಬೇರೆ ಬೇರೆ ತಟ್ಟೆ ಇರಲಿ. ಸೂಪರ್‌ವೈಸರುಗಳ ಜಗಳ ಅವರೇ ಬಗೆಹರಿಸಿಕೊಳ್ಳಲಿ.

ಪ್ರಶ್ನೆ: ಬೇರೆಲ್ಲ ದ್ರಾವಕಗಳಿಗೆ ಸಾರಜನಕದ ಹೊದಿಕೆ ಕೊಡುತ್ತೇವೆ. ಜಿಎಂಎಗೆ ಮಾತ್ರ ‘ಸಾರಜನಕ ತುಂಬಬೇಡಿ, ಗಾಳಿಗೆ ಜಾಗ ಬಿಡಿ’ ಅಂತ ಬರೆದಿದೆ. ಇದು ಅಚ್ಚಿನ ತಪ್ಪೇ?

ಅಲ್ಲ. ಈ ಪಾಠವನ್ನು ನಾನು ಒಂದು ಫ್ಲಾಸ್ಕ್ ಕಳೆದುಕೊಂಡು ಕಲಿತೆ.

ಕೆಲಸಕ್ಕೆ ಸೇರಿದ ಎರಡನೇ ವರ್ಷ. ಒಂದು ಪ್ರಯೋಗಕ್ಕೆ ‘ಶುದ್ಧ’ ಜಿಎಂಎ ಬೇಕಿತ್ತು. ಬಾಟಲಿಯಲ್ಲಿ ಬರುವುದರಲ್ಲಿ ಇನ್ಹಿಬಿಟರ್, ಅಂದರೆ ಸರಪಳಿಯಾಗದಂತೆ ತಡೆಯುವ ವಸ್ತು, ಚೂರು ಬೆರೆಸಿರುತ್ತಾರೆ. ಸಾಮಾನ್ಯವಾಗಿ ಅದು ಮೀಥಾಕ್ಸಿಫೀನಾಲ್. ನಮ್ಮ ಭಾಷೆಯಲ್ಲಿ ಎಂಇಎಚ್‌ಕ್ಯೂ. ಹತ್ತು ಲಕ್ಷಕ್ಕೆ 50ರಿಂದ 100 ಪಾಲು, ಅಷ್ಟೇ. ಜಿಎಂಎ ಸಹಜ ಒತ್ತಡದಲ್ಲಿ ಕುದಿಯುವುದು 189 ಡಿಗ್ರಿಗೆ. ಅಷ್ಟು ಕಾಯಿಸಿದರೆ ಉಳಿಯುವುದಿಲ್ಲ ಅಂತ ನಿರ್ವಾತದಲ್ಲಿ, ಕಡಿಮೆ ಬಿಸಿಯಲ್ಲಿ, ಬಹಳ ಜೋಪಾನವಾಗಿ ಬಟ್ಟಿ ಇಳಿಸಿದೆ. ಇನ್ಹಿಬಿಟರ್ ಹಿಂದೆ ಉಳಿಯಿತು. ತಿಳಿನೀರಿನಂಥ ದ್ರವ ಸಿಕ್ಕಿತು. ಅಷ್ಟು ಚೆಂದದ ದ್ರವವನ್ನು ಇನ್ನಷ್ಟು ಚೆನ್ನಾಗಿ ಕಾಪಾಡಬೇಕು ಅನ್ನಿಸಿ ಸಾರಜನಕ ಹಾಯಿಸಿ, ಬಿರಡೆ ಬಿಗಿದು, ದ್ರವ ಕಲಕುವ ಸ್ಟರ್ರರಿನ ಅಯಸ್ಕಾಂತದ ಗುಂಡಿ ಒಳಗೇ ಬಿಟ್ಟು, ಮನೆಗೆ ಹೋದೆ. ಪಕ್ಕದಲ್ಲಿ ಓವನ್ ಇತ್ತು. ಅದರ ಬಿಸಿ ಮೇಜಿಗೆ ತಾಗುತ್ತದೆ ಅನ್ನುವುದು ತಲೆಗೆ ಹೊಳೆಯಲಿಲ್ಲ.

ಬೆಳಿಗ್ಗೆ ಬಂದು ಸ್ಟರ್ರರ್ ಹಾಕಿದೆ. ಗುಂಡಿ ತಿರುಗಲಿಲ್ಲ. ಫ್ಲಾಸ್ಕ್ ಓರೆ ಮಾಡಿದೆ, ಒಳಗಿನ ಮೇಲ್ಮೈ ಓರೆಯಾಗಲಿಲ್ಲ. ಸುಮಾರು 60 ಎಂಎಲ್ ಜಿಎಂಎ ರಾತ್ರಿ ಬೆಳಗಾಗುವುದರೊಳಗೆ ಗಾಜಿನ ಗಟ್ಟಿಯಾಗಿ ಕೂತಿತ್ತು. ಬಿಳಿ ಗುಂಡಿ ನಟ್ಟನಡುವೆ ಸಿಕ್ಕಿಬಿದ್ದಿತ್ತು. ಯಾವ ದ್ರಾವಕಕ್ಕೂ ಅದು ಜಗ್ಗಲಿಲ್ಲ. ಕೊನೆಗೆ ಫ್ಲಾಸ್ಕನ್ನು ಬಟ್ಟೆಯಲ್ಲಿ ಸುತ್ತಿ ಒಡೆದೆ. ಆ ಗಡ್ಡೆ ಈಗಲೂ ನನ್ನ ಮೇಜಿನ ಮೇಲೆ ಕಾಗದ ಹಾರದಂತೆ ಒತ್ತಿಕೊಂಡು ಕೂತಿದೆ. ಈ ಅಂಕಣದ ಪತ್ರಗಳೂ ಅದರಡಿಯಲ್ಲೇ ಇವೆ.

ಆದದ್ದು ಇಷ್ಟು. ದ್ರವದಲ್ಲಿ ಕರಗಿರುವ ಆಮ್ಲಜನಕ, ಆಗಷ್ಟೇ ಹುಟ್ಟಿದ ರ‍್ಯಾಡಿಕಲ್ಲನ್ನು ಮೊದಲು ಹಿಡಿದುಕೊಳ್ಳುತ್ತದೆ. ಹಿಡಿಸಿಕೊಂಡ ರ‍್ಯಾಡಿಕಲ್ ಪೆರಾಕ್ಸಿ ರೂಪಕ್ಕೆ ತಿರುಗಿ ಮಂದವಾಗುತ್ತದೆ. ಆಗ ಎಂಇಎಚ್‌ಕ್ಯೂ ಒಂದು ಜಲಜನಕ ಕೊಟ್ಟು ಅದರ ಕಥೆ ಮುಗಿಸುತ್ತದೆ. ಇಬ್ಬರು ಕಾವಲುಗಾರರು: ಒಬ್ಬ ಹಿಡಿಯುವವನು, ಇನ್ನೊಬ್ಬ ಕೋಳ ತೊಡಿಸುವವನು. ಆಮ್ಲಜನಕವಿಲ್ಲದೆ ಎಂಇಎಚ್‌ಕ್ಯೂ ಒಂದೇ ಇದ್ದರೆ ಹೆಚ್ಚುಕಡಿಮೆ ಕೈಲಾಗದ ಕಾವಲುಗಾರ. ನಾನು ಬಟ್ಟಿ ಇಳಿಸಿ ಒಬ್ಬನನ್ನು ತೆಗೆದೆ, ಸಾರಜನಕ ಹಾಯಿಸಿ ಇನ್ನೊಬ್ಬನನ್ನೂ ಓಡಿಸಿದೆ. ಶುದ್ಧಿಯ ಹುಚ್ಚು!

60 ಎಂಎಲ್ ಆದದ್ದಕ್ಕೆ ನಗುತ್ತಾ ಬರೆಯುತ್ತಿದ್ದೇನೆ. ಡ್ರಮ್ಮಿನಲ್ಲಿ ಇದೇ ಆದರೆ ನಗುವ ಮಾತಲ್ಲ. ಲೆಕ್ಕ ಹಾಕಿ ನೋಡಿ. ಒಂದು ಮೋಲ್ ಜಿಎಂಎ ಅಂದರೆ 142 ಗ್ರಾಂ, ಹಾಗಾದರೆ ಒಂದು ಕಿಲೋದಲ್ಲಿ 7 ಮೋಲ್. ಮೆಥಾಕ್ರಿಲೇಟ್ ದ್ವಿಬಂಧ ಸರಪಳಿಯಾಗುವಾಗ ಮೋಲಿಗೆ ಸುಮಾರು 55 ಕಿಲೋಜೂಲ್ ಶಾಖ ಬಿಡುತ್ತದೆ. ಕಿಲೋಗೆ 385. ಆ ಶಾಖ ಹೊರಗೆ ಹೋಗಲು ದಾರಿಯಿಲ್ಲದಿದ್ದರೆ ದ್ರವದ ಬಿಸಿ 190 ಡಿಗ್ರಿಯ ಆಸುಪಾಸು ಏರುತ್ತದೆ. ಇದು ಒಂದು ಕಾಲಿನ ಲೆಕ್ಕ ಮಾತ್ರ. ಅಷ್ಟು ಬಿಸಿಯಲ್ಲಿ ಎಪಾಕ್ಸಿ ಉಂಗುರಗಳೂ ಸುಮ್ಮನಿರುವುದಿಲ್ಲ. ಸಣ್ಣ ಫ್ಲಾಸ್ಕ್ ಗಾಜಿನ ಮೂಲಕ ಬಿಸಿ ಬಿಟ್ಟುಕೊಂಡು ಬಚಾವಾಯಿತು. 200 ಲೀಟರಿನ ಡ್ರಮ್ಮಿನ ನಡುಮಧ್ಯಕ್ಕೆ ಆ ಭಾಗ್ಯವಿಲ್ಲ. ಡ್ರಮ್ಮಿನ ಮೈ ಸುತ್ತಲಿನ ಡ್ರಮ್ಮುಗಳಿಗಿಂತ ಬೆಚ್ಚಗಿದ್ದರೆ, ಅಥವಾ ಮುಚ್ಚಳ ಉಬ್ಬಿದ್ದರೆ, ಅದನ್ನು ಮುಟ್ಟಲು ಹೋಗಬೇಡಿ. ದೂರ ಸರಿದು ಉಳಿದವರನ್ನು ಕೂಗಿ.

ಪ್ರಶ್ನೆ: ನಾನು ಎಂ.ಎಸ್ಸಿ. ವಿದ್ಯಾರ್ಥಿನಿ. ಕಾರ್ಬಾಕ್ಸಿಲ್, ಅಂದರೆ ಆಮ್ಲದ, ಗುಂಪುಗಳಿರುವ ಅಕ್ರಿಲಿಕ್ ಪಾಲಿಮರಿಗೆ ಜಿಎಂಎ ಜೋಡಿಸಿ, ಯುವಿ ಬೆಳಕಿಗೆ ಗಟ್ಟಿಯಾಗುವ ರಾಳ ಮಾಡಬೇಕು. ಮೊದಲ ಹಂತದ ಪಾಲಿಮರಿಗೇ ಟ್ರೈಫಿನೈಲ್ ಫಾಸ್ಫೀನ್ ಅನ್ನುವ ವೇಗವರ್ಧಕ, ಜಿಎಂಎ ಸೇರಿಸಿ 110 ಡಿಗ್ರಿಯಲ್ಲಿ ಸಾರಜನಕದಡಿ ಇಟ್ಟೆ. ಎರಡು ಸಲವೂ ಮೂರನೇ ಗಂಟೆಗೆ ಜೆಲ್ ಆಯಿತು. ಗೈಡ್ ಬೈಯುತ್ತಿದ್ದಾರೆ.

ಹಿಂದಿನ ಉತ್ತರ ಓದಿದ ಮೇಲೆ ಅರ್ಧ ಉತ್ತರ ನಿಮಗೇ ಸಿಕ್ಕಿರುತ್ತದೆ. ನಿಮಗೆ ಬೇಕಾದದ್ದು ಎಪಾಕ್ಸಿ ಕಾಲಿನ ಕೆಲಸ ಮಾತ್ರ. ದ್ವಿಬಂಧ ಯುವಿ ಬರುವವರೆಗೆ ಕಾಯಬೇಕು. ಅದನ್ನು ತಡೆದು ನಿಲ್ಲಿಸುವುದು ಆಮ್ಲಜನಕ, ನೀವು ಅದನ್ನೇ ಹೊರಗೆ ಹಾಕಿದ್ದೀರಿ. ಮೊದಲ ಹಂತಕ್ಕೆ ಸಾರಜನಕ ಬೇಕು, ನಿಜ. ಎರಡನೇ ಹಂತಕ್ಕೆ ಗಾಳಿ ಬೇಕು. ಸಾರಜನಕದ ಕೊಳವೆ ಮುಚ್ಚಿ ಮೆಲ್ಲಗೆ ಗಾಳಿ ಹಾಯಿಸಿ. ಆದರೆ ಕಾದ ದ್ರಾವಕದೊಳಗೆ ಗಾಳಿ ಹೋದರೆ ಬೆಂಕಿಯ ಪ್ರಶ್ನೆ ಏಳುತ್ತದೆ. ಯಾವ ದ್ರಾವಕ, ಗಾಳಿ ಎಷ್ಟು, ಸಾರಜನಕ ಬೆರೆಸಿ ತೆಳುವು ಮಾಡಿದ ಗಾಳಿ ಸಾಕೇ ಅನ್ನುವುದನ್ನು ಲ್ಯಾಬಿನ ಸುರಕ್ಷತೆ ನೋಡುವವರ ಜೊತೆ ಕೂತು ಮೊದಲೇ ತೀರ್ಮಾನಿಸಿಕೊಳ್ಳಿ.

ಇನ್ನರ್ಧ ಉತ್ತರ ನಿಮ್ಮ ಪತ್ರದ ‘ಮೊದಲ ಹಂತದ ಪಾಲಿಮರಿಗೇ’ ಅನ್ನುವ ಪದದಲ್ಲಿ ಅಡಗಿದೆ. ಆ ಪಾಲಿಮರ್ ಮಾಡಲು ಹಾಕಿದ ಪೆರಾಕ್ಸೈಡ್ ಪೂರ್ತಿ ತೀರಿತ್ತೇ? ತೀರದೆ ಉಳಿದದ್ದು 110 ಡಿಗ್ರಿಯಲ್ಲಿ ಒಡೆದು ರ‍್ಯಾಡಿಕಲ್ ಕೊಡುತ್ತದೆ. ಆ ಹೊತ್ತಿಗೆ ನಿಮ್ಮ ಸರಪಳಿಗೆ ದ್ವಿಬಂಧಗಳು ಅಂಟಿಕೊಂಡಿರುತ್ತವೆ. ಒಂದು ಸರಪಳಿ ಇನ್ನೊಂದಕ್ಕೆ ಹೆಣೆದುಕೊಳ್ಳಲು ಹೆಚ್ಚು ಹೊತ್ತು ಬೇಡ. ಮೊದಲ ಹಂತ ಮುಗಿದ ಮೇಲೆ ಬಿಸಿ ಹಾಗೇ ಹಿಡಿದು ಇನ್ನೊಂದೆರಡು ಗಂಟೆ ಬಿಡಿ, ಆಮೇಲೆ ಎಂಇಎಚ್‌ಕ್ಯೂ ಸೇರಿಸಿ, ಗಾಳಿ ಕೊಡಿ, ಕೊನೆಗೆ ಜಿಎಂಎ ಹಾಕಿ. 110 ಯಾಕೆ? 90–95ರಲ್ಲಿ ಮಾಡಿ, ನಿಧಾನವಾದರೆ ಆಗಲಿ.

ಆಮ್ಲ ಸಂಖ್ಯೆಯನ್ನು, ಅಂದರೆ ಕೂಡದೆ ಉಳಿದ ಆಮ್ಲದ ಅಳತೆಯನ್ನು, ಗಂಟೆಗೊಮ್ಮೆ ಅಳೆಯುತ್ತಿದ್ದೀರಿ ತಾನೆ? ಮೊದಲು ಸರ‍್ರನೆ ಇಳಿಯುತ್ತದೆ, ನೂರಕ್ಕೆ ಕೊನೆಯ ಹತ್ತು ಭಾಗ ಮಾತ್ರ ಹಟ ಹಿಡಿದು ಕೂರುತ್ತದೆ. ಆಗ ಬಿಸಿ ಏರಿಸುವ ಆಸೆಯಾಗುತ್ತದೆ. ನಾನು ನೋಡಿದ ಜೆಲ್ ಬ್ಯಾಚುಗಳಲ್ಲಿ ಹೆಚ್ಚಿನವು ಆ ಆಸೆಯಿಂದಲೇ ಆದವು. ಎಪಾಕ್ಸಿ ಎಷ್ಟು ಉಳಿದಿದೆ ಅಂತಲೂ ನೋಡಿ. ಅದಕ್ಕೆ ಬೇಕಾದದ್ದು ಅಸಿಟಿಕ್ ಆಮ್ಲದಲ್ಲಿ ಕರಗಿಸಿದ ಹೈಡ್ರೋಬ್ರೋಮಿಕ್ ಆಮ್ಲ, ಬಣ್ಣ ಬದಲಿಸಿ ಕೊನೆ ತೋರಿಸುವ ಕ್ರಿಸ್ಟಲ್ ವಯೊಲೆಟ್ ಸೂಚಕ. ನೇರಳೆ ಬಣ್ಣ ನೀಲಿಗೆ ತಿರುಗಿ ಹಸಿರಿಗೆ ಜಾರುವ ಆ ಕ್ಷಣ ಹಿಡಿಯುವುದು ಅಭ್ಯಾಸದ ಮಾತು. ಬಿಳಿ ಹಾಳೆಯ ಮೇಲೆ ಫ್ಲಾಸ್ಕ್ ಇಟ್ಟು, ಮುಗಿಸಿದ ಹಿಂದಿನ ಫ್ಲಾಸ್ಕನ್ನು ಪಕ್ಕದಲ್ಲೇ ಇಟ್ಟುಕೊಂಡರೆ ಕಣ್ಣು ಮೋಸ ಹೋಗುವುದಿಲ್ಲ.

ಗೈಡಿಗೆ ಈ ಪುಟ ತೋರಿಸಿ. ಅವರೂ ಒಂದು ಕಾಲದಲ್ಲಿ ಫ್ಲಾಸ್ಕ್ ಒಡೆದಿರುತ್ತಾರೆ.

ಪ್ರಶ್ನೆ: ಹಲ್ಲಿಗೆ ಬಿಳಿ ಫಿಲ್ಲಿಂಗ್ ಮಾಡಿಸಿಕೊಂಡೆ. ಅದರ ವಿವರದಲ್ಲಿ ‘ಬಿಸ್-ಜಿಎಂಎ’ ಅಂತಿದೆ. ಜಿಎಂಎ ಕ್ಯಾನ್ಸರಿಗೆ ಕಾರಣವಾಗಬಹುದು ಅಂತ ಓದಿ ನಿದ್ದೆ ಬಂದಿಲ್ಲ. ತೆಗೆಸಿಬಿಡಲೇ?

ಹೆಸರಿನ ಹೋಲಿಕೆಗೆ ಹೆದರಿ ತೆಗೆಸಬೇಡಿ. ಬಿಸ್-ಜಿಎಂಎ ಬೇರೆಯೇ ವಸ್ತು. ಬಿಸ್ಫೀನಾಲ್-ಎ ಅನ್ನುವ ಅಣುವಿನ ಎರಡೂ ಕಡೆ ಜಿಎಂಎ ಜೋಡಿಸಿದರೆ ಸಿಗುವುದು ಅದು. ಜೋಡಣೆಯಲ್ಲೇ ಎಪಾಕ್ಸಿ ಉಂಗುರಗಳು ಬಿಚ್ಚಿ ಮುಗಿದಿರುತ್ತವೆ. ಉಳಿಯುವುದು ದ್ವಿಬಂಧಗಳು ಮಾತ್ರ. ಅವೂ ದಂತವೈದ್ಯರು ನೀಲಿ ಬೆಳಕು ಹಿಡಿದಾಗ ಬಹುಪಾಲು ಸರಪಳಿಯಾಗಿಬಿಡುತ್ತವೆ. ಎಲ್ಲವೂ ಆಗುತ್ತವೆ ಅನ್ನಲಾರೆ, ಸ್ವಲ್ಪ ಉಳಿದೇ ಉಳಿಯುತ್ತವೆ. ಆ ಜಾಗದಲ್ಲಿ ಉರಿ, ಊತ, ತುಟಿಯಲ್ಲಿ ತುರಿಕೆ ಇದ್ದರೆ ವೈದ್ಯರಿಗೆ ಹೇಳಿ. ಇಲ್ಲದಿದ್ದರೆ ಮಲಗಿ ನಿದ್ದೆ ಮಾಡಿ.

ಇದರ ಹಿಂದಿನ ಕಥೆ ನನಗೆ ಬಹಳ ಇಷ್ಟ, ಜಾಗವಿದ್ದಷ್ಟು ಹೇಳುತ್ತೇನೆ. ಎಪಾಕ್ಸಿ ರಾಳ ಅಂದರೆ ನಮಗೆ ನೆಲ, ಹಡಗು, ಅಂಟು ನೆನಪಾಗುತ್ತದೆ. ಆದರೆ ಸ್ವಿಟ್ಜರ್ಲೆಂಡಿನ ಪಿಯರ್ ಕಾಸ್ಟಾನ್ 1930ರ ದಶಕದಲ್ಲಿ ಎಪಾಕ್ಸಿಯ ಬೆನ್ನು ಹತ್ತಿದ್ದು ಕಟ್ಟುಹಲ್ಲಿಗಾಗಿ. ಅಲ್ಲಿ ಅದು ನಿಲ್ಲಲಿಲ್ಲ. ಸೀಬಾ ಕಂಪನಿ ಅದನ್ನು ಪಡೆದು, ಯುದ್ಧ ಮುಗಿದ ಮೇಲೆ ಅರಾಲ್ಡೈಟ್ ಅಂಟಾಗಿ ಮಾರುಕಟ್ಟೆಗೆ ಬಿಟ್ಟಿತು. 1950ರ ದಶಕದಲ್ಲಿ ಅಮೆರಿಕದ ರಾಫೆಲ್ ಬೋವೆನ್ ಹಲ್ಲಿನ ಕುಳಿ ತುಂಬಲು ಮತ್ತೆ ಎಪಾಕ್ಸಿಯನ್ನೇ ಹಿಡಿದರು. ಅದು ಗಟ್ಟಿಯಾಗಲು ಹಿಡಿಯುವ ಹೊತ್ತು ಬಾಯಿ ತೆರೆದು ಕೂತವರಿಗೆ ಒಗ್ಗುವಂಥದ್ದಲ್ಲ. ಮೆಥಾಕ್ರಿಲೇಟ್ ಬೇಗ ಗಟ್ಟಿಯಾಗುತ್ತದೆ, ಆದರೆ ಸಣ್ಣ ಮೆಥಾಕ್ರಿಲೇಟ್ ಅಣುಗಳು ಗಟ್ಟಿಯಾಗುವಾಗ ಬಹಳ ಕುಗ್ಗಿ ಹಲ್ಲಿನಂಚಿನಿಂದ ಬಿಟ್ಟುಕೊಳ್ಳುತ್ತವೆ. ಹಾಗಾಗಿ ಎಪಾಕ್ಸಿಯ ದಪ್ಪ ಮೈಗೆ ಮೆಥಾಕ್ರಿಲೇಟಿನ ತುದಿಗಳನ್ನು ಕೂರಿಸಿದರು. ಪೇಟೆಂಟ್ ಸಿಕ್ಕಿದ್ದು 1962ರಲ್ಲಿ. ನಿಮ್ಮ ಹಲ್ಲಿನಲ್ಲಿರುವುದು ಆ ಮದುವೆಯ ಸಂತಾನ.

ಬಿಸ್-ಜಿಎಂಎ ಎಷ್ಟು ಮಂದ ಅಂದರೆ, ಬಾಟಲಿ ತಲೆಕೆಳಗು ಮಾಡಿ ಒಂದು ಫೋನ್ ಕರೆ ಮುಗಿಸಿ ಬಂದರೂ ಅದು ಕುತ್ತಿಗೆಗೆ ಬಂದಿರುವುದಿಲ್ಲ. ಅದನ್ನು ತೆಳು ಮಾಡಲು ಟೆಗ್‌ಡಿಎಂಎ ಅನ್ನುವ ಹಗುರ ಮೆಥಾಕ್ರಿಲೇಟ್ ಬೆರೆಸುತ್ತಾರೆ. ಜೊತೆಗೆ ಗಾಜಿನ ಪುಡಿ, ಬೆಳಕು ಹಿಡಿಯಲು ಕ್ಯಾಂಫರ್‌ಕ್ವಿನೋನ್. ಅದು ಹಳದಿ ಪುಡಿ, 470 ನ್ಯಾನೋಮೀಟರಿನ ಆಸುಪಾಸಿನ ನೀಲಿ ಬೆಳಕನ್ನು ಹೀರುತ್ತದೆ. ದೀಪ ಹಿಡಿದ ಮೇಲೂ ಫಿಲ್ಲಿಂಗಿನ ಮೇಲ್ಪದರ ಸ್ವಲ್ಪ ಅಂಟಂಟು ಉಳಿಯುತ್ತದೆ. ಅಲ್ಲಿಗೆ ಗಾಳಿ ತಾಗುತ್ತದಲ್ಲ! ನಮ್ಮ ಡ್ರಮ್ಮನ್ನು ಕಾಯುವ ಅದೇ ಆಮ್ಲಜನಕ ಅಲ್ಲಿ ವೈದ್ಯರಿಗೆ ತಲೆನೋವು. ಕೊನೆಯಲ್ಲಿ ಉಜ್ಜಿ ಹೊಳಪು ಕೊಡುವಾಗ ಆ ಪದರವೂ ಹೋಗುತ್ತದೆ.

ಇನ್ನು ನೀವು ಓದಿದ ಸುದ್ದಿ. ಜಿಎಂಎ ಬಗ್ಗೆ ಅದು ನಿಜ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಐಎಆರ್‌ಸಿ 2020ರಲ್ಲಿ ಅದನ್ನು ‘2ಎ’ ಗುಂಪಿಗೆ, ಅಂದರೆ ಮನುಷ್ಯರಿಗೆ ಬಹುಶಃ ಕ್ಯಾನ್ಸರ್‌ಕಾರಕ ಅನ್ನುವ ಗುಂಪಿಗೆ ಸೇರಿಸಿತು. ಐರೋಪ್ಯ ಒಕ್ಕೂಟವೂ ಅದನ್ನು ಕ್ಯಾನ್ಸರ್‌ಕಾರಕ ಹಾಗೂ ಸಂತಾನಶಕ್ತಿಗೆ ಹಾನಿಕರ ಅಂತ ವರ್ಗೀಕರಿಸಿದೆ. ಅಮೀನು, ಥಯಾಲು ಸಿಕ್ಕರೆ ಬಿಚ್ಚಿಕೊಳ್ಳುವ ಉಂಗುರಕ್ಕೆ ನಮ್ಮ ಮೈಯ ಪ್ರೋಟೀನೂ ಡಿಎನ್‌ಎಯೂ ಅಂಥವೇ ಗುಂಪುಗಳನ್ನು ಹೊತ್ತು ಕೂತಿವೆ. ರಾಳಕ್ಕೂ ಜೀವಕೋಶಕ್ಕೂ ವ್ಯತ್ಯಾಸ ಅದಕ್ಕೇನು ಗೊತ್ತು? ಹೆದರಬೇಕಾದವರು ಡ್ರಮ್ಮಿನ ಮುಚ್ಚಳ ತೆರೆಯುವವರು, ನೀವಲ್ಲ.

ಪ್ರಶ್ನೆ: ಜಿಎಂಎಯಿಂದ ಒಳ್ಳೆಯ ಹಣ್ಣಿನಂಥ ವಾಸನೆ ಬರುತ್ತದೆ. ಅಷ್ಟೇನೂ ಕಟು ಅಲ್ಲ. ತೆಳುವಾದ ನೀಲಿ ನೈಟ್ರೈಲ್ ಗ್ಲೌಸ್ ಹಾಕಿದರೆ ಸಾಕಲ್ಲವೇ?

ವಾಸನೆ ಹಿತವಾಗಿದ್ದರೆ ವಸ್ತುವೂ ಹಿತ ಅನ್ನುವ ನಿಯಮ ರಸಾಯನಶಾಸ್ತ್ರದಲ್ಲಿಲ್ಲ. ಆವಿಯನ್ನು ಹೀರಿ ಹೊರಹಾಕುವ ಫ್ಯೂಮ್ ಹುಡ್ಡಿನ ಹೊರಗೆ ವಾಸನೆ ಬರುತ್ತಿದೆ ಅಂದರೆ ಹುಡ್ ಕೆಲಸ ಮಾಡುತ್ತಿಲ್ಲ ಅಥವಾ ನೀವು ಹುಡ್ಡಿನಲ್ಲಿ ಮಾಡುತ್ತಿಲ್ಲ.

ತೆಳು ನೈಟ್ರೈಲ್ ಗ್ಲೌಸಿನೊಳಗೆ ಮೆಥಾಕ್ರಿಲೇಟುಗಳು ನಿಮಿಷಗಳಲ್ಲಿ ನುಸುಳುತ್ತವೆ. ತೂತು ಕಾಣುವುದಿಲ್ಲ, ಒದ್ದೆ ಗೊತ್ತಾಗುವುದಿಲ್ಲ. ಒಂದು ಹನಿ ಸಿಡಿದರೆ ತಕ್ಷಣ ಕಳಚಿ ಎಸೆಯುವುದಕ್ಕಷ್ಟೇ ಅದು ಸರಿ. ಸುರಿಯುವ, ತುಂಬುವ ಕೆಲಸಕ್ಕೆ ದಪ್ಪ ಬ್ಯುಟೈಲ್ ರಬ್ಬರ್ ಅಥವಾ ಹಲವು ಪದರದ ಲ್ಯಾಮಿನೇಟ್ ಗ್ಲೌಸ್ ಬೇಕು. ನನ್ನ ಎಡಗೈ ಹೆಬ್ಬೆರಳು, ತೋರುಬೆರಳಿನ ತುದಿ ಈ ಪಾಠದ ಪುಸ್ತಕ. ಪಿಪೆಟ್ ತುದಿ ಬದಲಿಸುವಾಗ ಆ ಎರಡು ಬೆರಳೇ ತಾಗುವುದು. ಎಷ್ಟೋ ವರ್ಷ ಏನೂ ಆಗಲಿಲ್ಲ. ಆಮೇಲೊಂದು ದಿನ ಚರ್ಮ ಕೆಂಪಾಗಿ ಬಿರಿಯಿತು. ಸೋಪಿನದ್ದಿರಬೇಕು ಅಂದುಕೊಂಡೆ. ರಜೆಯಲ್ಲಿ ವಾಸಿಯಾಯಿತು, ಕೆಲಸಕ್ಕೆ ಬಂದ ಮೂರನೇ ದಿನ ಮತ್ತೆ ಬಿರಿಯಿತು. ಚರ್ಮವೈದ್ಯರು ಬೆನ್ನಿಗೆ ಪ್ಯಾಚ್ ಅಂಟಿಸಿ ಎರಡು ದಿನ ಬಿಟ್ಟು ತೆಗೆದಾಗ ಮೆಥಾಕ್ರಿಲೇಟಿನ ಚೌಕಗಳು ಮಾತ್ರ ಕೆಂಪು ಮುದ್ರೆಯೊತ್ತಿದ ಹಾಗಿದ್ದವು.

ಒಮ್ಮೆ ಈ ಅಲರ್ಜಿ ಹತ್ತಿದರೆ ಸಾಮಾನ್ಯವಾಗಿ ಜೀವಮಾನದ ಸಂಗಾತಿ. ಒಂದು ಮೆಥಾಕ್ರಿಲೇಟಿಗೆ ಹತ್ತಿದ್ದು ಅದರ ಸೋದರರಿಗೂ ಹರಡಬಹುದು. ಉಗುರಿಗೆ ಹಚ್ಚುವ ಜೆಲ್, ಹಲ್ಲಿನ ರಾಳ, ಮೂಳೆಗೆ ಹಾಕುವ ಸಿಮೆಂಟು ಎಲ್ಲದರಲ್ಲೂ ಆ ಬಳಗದವರಿದ್ದಾರೆ. ನಾನು ದಂತವೈದ್ಯರ ಕುರ್ಚಿಯಲ್ಲಿ ಕೂತ ತಕ್ಷಣ ಮೊದಲು ಹೇಳುವ ಮಾತೇ ಇದು.

ಪ್ರಶ್ನೆ: ಬೇರೆ ಬೇರೆ ಪ್ಲಾಸ್ಟಿಕ್ ಕಲಸಿದರೆ ಪದರ ಪದರವಾಗಿ ಕಿತ್ತು ಬರುತ್ತದೆ. ಜಿಎಂಎ ಹಾಕಿದರೆ ಒಂದಾಗುತ್ತವೆ ಅನ್ನುತ್ತಾರೆ. ಹೇಗೆ?

ಪಾಲಿಎಥಿಲೀನ್ ಚೀಲವನ್ನೂ ಪೆಟ್ ಬಾಟಲಿಯನ್ನೂ ಒಟ್ಟಿಗೆ ಕರಗಿಸಿದರೆ ಎಣ್ಣೆ, ನೀರು ಕಲಸಿದ ಹಾಗೆ. ತಣ್ಣಗಾದ ಮೇಲೆ ಮುರಿದು ನೋಡಿದರೆ ಒಂದರೊಳಗೆ ಇನ್ನೊಂದು ಗೋಲಿ ಗೋಲಿಯಾಗಿ ಕೂತು, ಉದುರಿದ ಕಡೆ ನುಣುಪು ಕುಳಿ ಬಿಟ್ಟಿರುತ್ತದೆ. ಎಥಿಲೀನ್ ಜೊತೆ ಜಿಎಂಎ ಸೇರಿಸಿ ಮಾಡಿದ ಪಾಲಿಮರನ್ನು ಸ್ವಲ್ಪ ಹಾಕಿದರೆ ಅದರ ಉದ್ದನೆಯ ಮೈ ಪಾಲಿಎಥಿಲೀನಿನಲ್ಲಿ ಕಲೆಯುತ್ತದೆ, ಎಪಾಕ್ಸಿ ಉಂಗುರಗಳು ಪೆಟ್ ಸರಪಳಿಯ ತುದಿಯ ಆಮ್ಲವನ್ನು ಹಿಡಿಯುತ್ತವೆ. ಗೋಲಿಗಳು ಸಣ್ಣದಾಗುತ್ತವೆ, ಉದುರುವುದು ನಿಲ್ಲುತ್ತದೆ. ಇಲ್ಲೂ ಅದೇ ಎರಡು ದೋಣಿ.

ಹೆಚ್ಚು ಹಾಕಿದರೆ ಒಳ್ಳೆಯದು ಅಂದುಕೊಳ್ಳಬೇಡಿ. ಎಪಾಕ್ಸಿ ಜಾಸ್ತಿಯಾದರೆ ಪೆಟ್ ಸರಪಳಿಗಳು ತಮ್ಮತಮ್ಮಲ್ಲೇ ಹೆಣೆದುಕೊಂಡು ಯಂತ್ರದ ಒಳಗೇ ಬಿಗಿಯುತ್ತವೆ.

ಪ್ರಶ್ನೆ: ಕಪಾಟಿನಲ್ಲಿ ಹಳೆಯ ಜಿಎಂಎ ಬಾಟಲಿ ಸಿಕ್ಕಿದೆ. ಯಾವಾಗ ತೆರೆದದ್ದೋ ತಾರೀಕು ಇಲ್ಲ. ನೋಡಲು ಸ್ವಲ್ಪ ಮಂದವಾಗಿದೆ. ಬಟ್ಟಿ ಇಳಿಸಿ ಬಳಸಬಹುದೇ?

ಬಟ್ಟಿ ಇಳಿಸುವ ಯೋಚನೆ ಬಿಡಿ. ಮೊದಲು ಪರೀಕ್ಷಾನಳಿಗೆಯಲ್ಲಿ ಎರಡು ಎಂಎಲ್ ಮೆಥನಾಲ್ ತೆಗೆದುಕೊಂಡು, ಹುಡ್ಡಿನೊಳಗೆ ಅದಕ್ಕೆ ಒಂದು ಹನಿ ಬಿಡಿ. ಜಿಎಂಎ ಮೆಥನಾಲಿನಲ್ಲಿ ಕರಗುತ್ತದೆ, ಅದರ ಪಾಲಿಮರ್ ಕರಗುವುದಿಲ್ಲ. ತಿಳಿಯಾಗಿಯೇ ಉಳಿದರೆ ಸರಪಳಿ ಇನ್ನೂ ಶುರುವಾಗಿಲ್ಲ ಅನ್ನಬಹುದು. ಹಾಲಿನ ಹಾಗೆ ಮೋಡ ಕಟ್ಟಿದರೆ ಶುರುವಾಗಿದೆ. ಕಾಯಿಸಿದರೆ ಬಟ್ಟಿಯ ತಳದಲ್ಲಿ ಏನಾಗುತ್ತದೆ ಅನ್ನುವ ಲೆಕ್ಕ ಮೇಲೆ ಕೊಟ್ಟಿದ್ದೇನೆ.

ಮಂದವಾಗಿದೆ ಅಂತ ನೀವೇ ಬರೆದಿರುವುದರಿಂದ ಮೋಡ ಕಟ್ಟುವುದು ಖಂಡಿತ. ಸಿಂಕಿಗೆ ಸುರಿಯಬೇಡಿ, ಅಮೀನ್ ಇರುವ ತ್ಯಾಜ್ಯದ ಕ್ಯಾನಿಗೂ ಬೇಡ. ಬಾಟಲಿಯನ್ನು ಹಾಗೇ ನೆರಳಿನಲ್ಲಿ ನಿಲ್ಲಿಸಿ, ಅಪಾಯಕಾರಿ ತ್ಯಾಜ್ಯ ಒಯ್ಯುವವರಿಗೆ ಹೆಸರು ಹೇಳಿ ಒಪ್ಪಿಸಿ. ಹೊಸದು ತರಿಸುವಾಗ ಚಿಕ್ಕ ಬಾಟಲಿ ತರಿಸಿ, ಮುಚ್ಚಳ ತಿರುವುವ ಮೊದಲು ಮಾರ್ಕರ್ ಪೆನ್ನಿನಿಂದ ತಾರೀಕು ಬರೆಯಿರಿ.